ಐಸಿನ ಪೆಟ್ಟಿಗೆಯಲ್ಲಿ ಬಂದ ರಕ್ತ

ಆ ಗುರುವಾರ ನಾನು ಮಾಡಿದ ಕೆಲಸಗಳು ಇವು. ಬೆಳಿಗ್ಗೆ ಅತ್ತೆಯ ಬಿ.ಪಿ. ನೋಡಿ ಬರೆದಿಟ್ಟೆ. ತೊಂಡೆಕಾಯಿ ಹೆಚ್ಚಿ ಪಲ್ಯ ಮಾಡಿ ಬುತ್ತಿ ಕಟ್ಟಿದೆ. ಕಾಪುವಿನಲ್ಲಿ ಏಳೂಕಾಲರ ಬಸ್ಸು ಹಿಡಿದು ಉಡುಪಿಯಲ್ಲಿ ಇಳಿದು ಮಣಿಪಾಲದ ಬಸ್ಸು ಹತ್ತಿದೆ. ಲ್ಯಾಬಿನ ಬೀಗ ತೆಗೆದು ಇನ್‌ಕ್ಯುಬೇಟರಿನ ಉಷ್ಣತೆ ಬರೆದೆ, ಮದ್ದಿನ ಫ್ರಿಜ್ಜಿನ ಉಷ್ಣತೆ ಬರೆದೆ, ಲಿಕ್ವಿಡ್ ನೈಟ್ರೋಜನ್ ಪಾತ್ರೆಗೆ ಕೋಲು ಇಳಿಸಿ ಮಟ್ಟ ಅಳೆದೆ. ಆರು ಫ್ಲಾಸ್ಕ್ ಜೀವಕೋಶಗಳನ್ನು ಹನ್ನೆರಡಾಗಿ ಹಂಚಿ ಅವುಗಳಿಗೆ ಆಹಾರವಾಗಿ ಹೊಸ ಮೀಡಿಯಂ ಹಾಕಿದೆ. ಮನೆಗೆ ಫೋನ್ ಮಾಡಿ ಗ್ಯಾಸ್ ಸಿಲಿಂಡರ್ ಬಂತಾ ಎಂದು ವಿಚಾರಿಸಿದೆ. ಮೂರು ಗಂಟೆಗೆ ಕಾರ್ಕಳದಿಂದ ಬಂದ ಪೆಟ್ಟಿಗೆಯ ಮುಚ್ಚಳ ತೆಗೆದೆ. ಅಲ್ಲಿಯವರೆಗೆ ಅದು ಎಲ್ಲ ದಿನಗಳಂಥ ಒಂದು ದಿನವಾಗಿತ್ತು.

ಕೋವಿಡ್ ಕಳೆದು ಆಸ್ಪತ್ರೆಗಳು ಮೊದಲಿನ ಹಾಗೆ ನಡೆಯತೊಡಗಿದ ಮೇಲಿನ ಮಾತು ಇದು, ಏಪ್ರಿಲ್ ತಿಂಗಳು. ನಾನು ಮಣಿಪಾಲದ ಒಂದು ಸಂಶೋಧನಾ ಲ್ಯಾಬಿನಲ್ಲಿ ಹಿರಿಯ ಟೆಕ್ನಿಕಲ್ ಆಫೀಸರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಅಡುಗೆಮನೆಯದ್ದೇ: ಅಳೆಯುವುದು, ಕಾಯಿಸುವುದು, ತಣಿಸುವುದು, ತೊಳೆಯುವುದು, ಬರೆದಿಡುವುದು. ಫ್ರಿಜ್ಜಿನ ಬೀಗದ ಕೈ ನನ್ನ ಬಳಿ ಇರುತ್ತಿತ್ತು. ರೋಗಿಗಳಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದೂ ನನ್ನ ಪಾಲಿಗೆ ಬಂದಿತ್ತು, ಏಕೆಂದರೆ ಇಂಗ್ಲಿಷಿನ ಆ ನಾಲ್ಕು ಪುಟಗಳನ್ನು ತುಳುವಿನಲ್ಲಿ ಹೇಳಬಲ್ಲವಳು ಲ್ಯಾಬಿನಲ್ಲಿ ನಾನೊಬ್ಬಳೇ.

ನಾವು ಕೆಲಸ ಮಾಡುತ್ತಿದ್ದದ್ದು ಪೆಂಫಿಗಸ್ ಎಂಬ ಚರ್ಮರೋಗದ ಮೇಲೆ. ಮುರಕಲ್ಲಿನ ಗೋಡೆಯಲ್ಲಿ ಕಲ್ಲಿಗೆ ಕಲ್ಲು ಅಂಟಿಸುವ ಗಾರೆ ಇರುವ ಹಾಗೆ, ಚರ್ಮದ ಕೋಶಗಳ ನಡುವೆ ಡೆಸ್ಮೋಗ್ಲೀನ್ ಎಂಬ ಪ್ರೋಟೀನ್ ಇರುತ್ತದೆ. ರೋಗದಿಂದ ಕಾಪಾಡಬೇಕಾದ ಆಂಟಿಬಾಡಿಗಳು ತಪ್ಪಿ ಈ ಗಾರೆಯನ್ನೇ ತಿನ್ನತೊಡಗಿದರೆ ಚರ್ಮ ಪದರಪದರವಾಗಿ ಬಿಡುತ್ತದೆ. ಬಹಳ ಜನರಿಗೆ ಮೊದಲು ಬಾಯಿಯೊಳಗೆ ಹುಣ್ಣಾಗುತ್ತದೆ, ಅನಂತರ ಬೆನ್ನು, ಎದೆ. ಬಾಯಿಹುಣ್ಣೆಂದು ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗುತ್ತ ತಿಂಗಳುಗಟ್ಟಲೆ ಅಲೆಯುವವರು ಇದ್ದಾರೆ. ರಕ್ತದಲ್ಲಿ ಆ ಆಂಟಿಬಾಡಿ ಇದೆಯೇ ಎಂದು ತಿಳಿಸುವ ಕಿಟ್ ಹೊರದೇಶದಿಂದ ಬರಬೇಕು. ಅದನ್ನು ಇಲ್ಲೇ, ತಾಲೂಕು ಆಸ್ಪತ್ರೆಗೂ ಸಿಗುವಂತೆ ತಯಾರಿಸಬೇಕೆಂಬುದು ನಮ್ಮ ಪ್ರಾಜೆಕ್ಟ್. ಉದ್ದೇಶ ಒಳ್ಳೆಯದು. ಈಗಲೂ ನಾನು ಹಾಗೇ ಹೇಳುತ್ತೇನೆ.

ಇಂಥ ಕಿಟ್ಟಿಗೆ ಒಂದು ಹೆಪ್ಪು ಬೇಕು. ಪ್ರತಿ ಸಲ ಹೋಲಿಸಿ ನೋಡಲು ಒಂದೇ ಗುಣದ, ಎಂದೂ ಮುಗಿಯದ ಆಂಟಿಬಾಡಿ. ಅದಕ್ಕಾಗಿ ರೋಗಿಯ ರಕ್ತದಿಂದ ಆ ಆಂಟಿಬಾಡಿ ತಯಾರಿಸುವ ಬಿ ಕೋಶವನ್ನು ಹುಡುಕಿ, ಅದರ ಜೀನನ್ನು ನಕಲು ಮಾಡಿ, ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳೊಳಗೆ ಸೇರಿಸಿ ಬೆಳೆಸುತ್ತಾರೆ. ಬಯೋಪ್ರೊಡಕ್ಷನ್ ಎಂದರೆ ಇಷ್ಟೇ. ನಾನು ದಿನಾ ಮೀಡಿಯಂ ಹಾಕುತ್ತಿದ್ದದ್ದು ಆ ಕೋಶಗಳಿಗೆ. ಆದರೆ ಬಿ ಕೋಶ ಜೀವಂತವಾಗಿ ಸಿಗಬೇಕು, ಮತ್ತು ರೋಗಿಗೆ ರಿಟುಕ್ಸಿಮ್ಯಾಬ್ ಎಂಬ ಮದ್ದು ಕೊಡುವ ಮೊದಲೇ ರಕ್ತ ತೆಗೆಯಬೇಕು. ಆ ಮದ್ದು ಬಿ ಕೋಶಗಳನ್ನೇ ಅಳಿಸುತ್ತದೆ. ರೋಗ ಇಳಿಯುವುದೂ ಅದರಿಂದಲೇ. ನಮ್ಮ ಅಧ್ಯಯನಕ್ಕೆ ಸೇರಿದ ರೋಗಿಗಳಿಗೆ ಮದ್ದನ್ನು ಪ್ರಾಜೆಕ್ಟೇ ಕೊಡುತ್ತಿತ್ತು. ಅದರ ಸಣ್ಣ ಸೀಸೆಗಳು, ವಯಲ್‌ಗಳು, ಆಸ್ಪತ್ರೆಯ ಔಷಧಾಲಯದಲ್ಲಿ ಇರುತ್ತಿರಲಿಲ್ಲ, ನಮ್ಮ ಫ್ರಿಜ್ಜಿನಲ್ಲಿ ಇರುತ್ತಿದ್ದವು. ಈ ಏರ್ಪಾಟೇ ಸರಿಯಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ.

ಗುಲಾಬಿ ಕಾರ್ಕಳದ ಹತ್ತಿರದ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ನಲವತ್ತಾರು ವರ್ಷ. ಎಂಟು ತಿಂಗಳಿಂದ ಬಾಯಿಯೊಳಗೆ ಹುಣ್ಣು, ಎರಡು ತಿಂಗಳಿಂದ ಬೆನ್ನು ಸುಲಿದಿತ್ತು. ಮಕ್ಕಳ ಸಾಂಬಾರಿನ ಉಪ್ಪು ನೋಡಲಾಗದೆ ಎರಡನೇ ಕ್ಲಾಸಿನ ಟೀಚರನ್ನು ಕರೆದು ನಾಲಿಗೆಗೆ ಬಿಡುತ್ತಿದ್ದಳಂತೆ. ಅವಳ ಊಟವೆಂದರೆ ಆರಿದ ಗಂಜಿಯ ತಿಳಿ, ಉಪ್ಪಿಲ್ಲದೆ. ನಾವು ವಾರಕ್ಕೊಮ್ಮೆ ಹೋಗುತ್ತಿದ್ದ ಕಾರ್ಕಳದ ಚರ್ಮರೋಗದ ಕ್ಲಿನಿಕ್ಕಿನಲ್ಲಿ ಅವಳ ರೋಗಕ್ಕೆ ಕೊನೆಗೂ ಹೆಸರು ಸಿಕ್ಕಿತು. ಒಪ್ಪಿಗೆ ಪತ್ರ ನಾನೇ ಓದಿ ಹೇಳಿದ್ದು. ಅದರಲ್ಲಿ ಒಂದು ಸಾಲು: ರಕ್ತ ಕೊಡುವುದರಿಂದ ನಿಮ್ಮ ಚಿಕಿತ್ಸೆಗೆ ಯಾವ ಅಡ್ಡಿಯೂ ಆಗುವುದಿಲ್ಲ. ಅದನ್ನು ಎರಡು ಸಲ ಹೇಳಿದ್ದೆ. ಅವಳ ತಂಗಿ ವಾರಿಜ, ಬಾಯಿಬಡುಕಿ, ಪಕ್ಕದಲ್ಲಿ ಕೂತು, ಅಕ್ಕ ಮಾತಾಡಲಾಗದೆ ಮನೆಯಲ್ಲಿ ಈಗ ಎಲ್ಲರಿಗೂ ನೆಮ್ಮದಿ ಎಂದು ತಮಾಷೆ ಮಾಡಿದಳು. ಗುಲಾಬಿ ನಕ್ಕಳು. ನಕ್ಕದ್ದಕ್ಕೆ ತುಟಿ ಒಡೆಯಿತು.

ಗುರುವಾರ ಕಾರ್ಕಳದಲ್ಲಿ ರಕ್ತ, ಸೋಮವಾರ ಮಣಿಪಾಲದ ವಾರ್ಡಿನಲ್ಲಿ ಮದ್ದು ಎಂದು ನಿಗದಿಯಾಯಿತು. ಪ್ರತಿ ಸಲ ರಕ್ತದ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬರುವವಳು ನಾನು. ಆ ಗುರುವಾರ ಕೋಶಗಳನ್ನು ಹಂಚುವ ಕೆಲಸ ಬಿದ್ದದ್ದರಿಂದ ಲ್ಯಾಬಿನಲ್ಲೇ ನಿಂತೆ. ಡ್ರೈವರ್ ಸದಾಶಿವಣ್ಣ ಒಬ್ಬರೇ ಹೋಗಿ ತಂದರು.

ಮುಚ್ಚಳ ತೆಗೆದಾಗ ಟ್ಯೂಬುಗಳು ಕಾಣಲಿಲ್ಲ, ಪುಡಿ ಐಸು ಕಂಡಿತು. ಮೇಲೆ ಕಲ್ಲುಪ್ಪು ಉದುರಿಸಿತ್ತು. ಸದಾಶಿವಣ್ಣ ಲ್ಯಾಬಿಗೆ ಬರುವ ಮೊದಲು ಇಪ್ಪತ್ತು ವರ್ಷ ಮಲ್ಪೆ ಬಂದರಿನಿಂದ ಮೀನಿನ ಲಾರಿ ಓಡಿಸಿದವರು. ಜೀಪಿನ ಎ.ಸಿ. ಕೆಟ್ಟಿತ್ತು, ಬಿಸಿಲು ಸುಡುತ್ತಿತ್ತು. ರಕ್ತ ಕೆಟ್ಟೀತೆಂದು ಕಾರ್ಕಳದ ಮೀನು ಮಾರ್ಕೆಟಿನಲ್ಲಿ ಇಳಿದು ಐಸು ಕೇಳಿ ತಂದು, ಟ್ಯೂಬುಗಳನ್ನು ಬಂಗುಡೆ ಜೋಡಿಸಿದ ಹಾಗೆ ಒಂದೇ ಮಗ್ಗುಲಿಗೆ ಜೋಡಿಸಿ, ತಂಪು ಇನ್ನೂ ಹೆಚ್ಚಲೆಂದು ಉಪ್ಪು ಹಾಕಿದ್ದರು. ಉಪ್ಪು ಬಿದ್ದ ಐಸು ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ರಕ್ತ ಐಸುಗಟ್ಟಿ ಕೋಶಗಳು ಒಡೆದಿದ್ದವು. ಒಂದು ಕೋಶವೂ ಜೀವಂತ ಇರಲಿಲ್ಲ.

ನನ್ನ ಮುಖ ನೋಡಿ ಅವರೂ ಪೆಚ್ಚಾದರು. “ಒಂದು ಗಂಟೆಯ ದಾರಿ ಮೇಡಂ, ಅಂಥ ಬಿಸಿಲಲ್ಲಿ ಹಾಗೇ ತರ್ಲಿಕ್ಕೆ ಮನಸ್ಸು ಬರ್ಲಿಲ್ಲ. ಇಪ್ಪತ್ತು ವರ್ಷದಲ್ಲಿ ನನ್ನ ಲಾರಿಯ ಒಂದು ಮೀನು ಹಾಳಾದದ್ದು ಇಲ್ಲ.”

ಪೆಟ್ಟಿಗೆಯ ಮೇಲೆ ಸಾಮಾನ್ಯ ಉಷ್ಣತೆಯಲ್ಲೇ ಸಾಗಿಸಬೇಕೆಂಬ ಚೀಟಿ ಅಂಟಿಸಿತ್ತು, ಇಂಗ್ಲಿಷಿನಲ್ಲಿ. ಅದನ್ನು ಬರೆದವಳು ನಾನು. ಅವರಿಗೆ ಓದಿ ಹೇಳದವಳೂ ನಾನೇ. ಐಸಿನ ತಪ್ಪಿನಲ್ಲಿ ನನ್ನ ಪಾಲು ಅವರದ್ದಕ್ಕಿಂತ ಹೆಚ್ಚು ಎಂದು ಅಂದೇ ಲ್ಯಾಬಿನ ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ.

ಅಲ್ಲಿಯವರೆಗಿನದ್ದು ತಪ್ಪು. ತಪ್ಪಿಗೆ ನನಗೆ ಸಿಟ್ಟಿಲ್ಲ. ಆಮೇಲೆ ನಡೆದದ್ದಕ್ಕೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಸೋಮವಾರ ಬೆಳಿಗ್ಗೆ, ಮದ್ದಿಗೆ ಮೊದಲು, ವಾರ್ಡಿನಲ್ಲೇ ಇನ್ನೊಮ್ಮೆ ರಕ್ತ ತೆಗೆದು ಕೋಶಗಳನ್ನು ಬೇರ್ಪಡಿಸಿ ಫ್ರೀಜ್ ಮಾಡಬಹುದೆಂದು ನಾನು ಶುಕ್ರವಾರವೇ ಹೇಳಿದೆ. ಕ್ರಮವಾಗಿ, ರಕ್ಷಕ ದ್ರವ ಸೇರಿಸಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಸಿದರೆ ಕೋಶಗಳು ಬದುಕುತ್ತವೆ; ಎಲ್ಲವೂ ಅಲ್ಲ, ಹಲವು. ಲ್ಯಾಬಿನ ಮುಖ್ಯಸ್ಥರಾದ ನಮ್ಮ ಪ್ರೊಫೆಸರ್ ಒಪ್ಪಲಿಲ್ಲ. ಅವರಿಗೆ ತಾಜಾ ಕೋಶಗಳೇ ಬೇಕಿತ್ತು. ಕೋಶಗಳನ್ನು ಒಂದೊಂದಾಗಿ ಆಯುವ ಸಾರ್ಟರ್ ಯಂತ್ರ ರಿಪೇರಿಯಲ್ಲಿತ್ತು. ಎರಡು ವಾರಗಳ ನಂತರದ ಸೋಮವಾರ, ಮುಂದೆ ಕಿಟ್ ತಯಾರಿಸಬೇಕಾದ ಒಂದು ಕಂಪನಿಯವರು ನಮ್ಮ ಕೆಲಸ ನೋಡಲು ಬರುವವರಿದ್ದರು, ಯಂತ್ರ ಅಷ್ಟರೊಳಗೆ ಸರಿಯಾಗುತ್ತಿತ್ತು. ಬಂದವರ ಎದುರೇ ಗುಲಾಬಿಯ ರಕ್ತದಿಂದ ಕೋಶ ಆಯ್ದು ತೋರಿಸಬೇಕೆಂದು ಪ್ರೊಫೆಸರರ ಲೆಕ್ಕಾಚಾರ. ಅಷ್ಟು ಹೆಚ್ಚು ಆಂಟಿಬಾಡಿ ಇದ್ದ ರಕ್ತ ನಮಗೆ ಅದುವರೆಗೆ ಸಿಕ್ಕಿರಲಿಲ್ಲ ಎಂಬುದು ನಿಜ. ಹಾಗಾಗಿ ಮದ್ದನ್ನು ಎರಡು ವಾರ ಮುಂದೆ ಹಾಕಿದರು. ತಡ ಯಾಕೆಂದು ವಾರ್ಡಿಗೂ ಕಾರ್ಕಳದ ಕ್ಲಿನಿಕ್ಕಿಗೂ ಹೋದ ಮಾತು ಒಂದೇ: ಮದ್ದು ಬಂದಿಲ್ಲ.

ಮದ್ದು ಬಂದಿತ್ತು. ಫ್ರಿಜ್ಜಿನ ಎರಡನೇ ಅಡ್ಡಹಲಗೆಯಲ್ಲಿ, ಗುಲಾಬಿಯ ನಂಬರಿನ ಚೀಟಿ ಅಂಟಿಸಿಕೊಂಡು ಕೂತಿತ್ತು. ನಾನು ಬೆಳಿಗ್ಗೆಯೂ ಸಂಜೆಯೂ ಅದರ ಉಷ್ಣತೆ ಬರೆಯುತ್ತಿದ್ದೆ. ನಾಲ್ಕು ಡಿಗ್ರಿ. ನಾಲ್ಕು ಡಿಗ್ರಿ. ಐದು ಡಿಗ್ರಿ. ಸೋಮವಾರ ಬಂತು, ಹೋಯಿತು. ನಾನು ಬಾಯಿ ಬಿಡಲಿಲ್ಲ. ಯಾಕೆಂದು ಕೇಳಿದರೆ ಉತ್ತರ ಸುಲಭ, ಹೇಳಲು ನಾಚಿಕೆ: ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಪ್ರೊಫೆಸರ್ ಹೇಳಿದ ಮೇಲೆ ಎರಡನೇ ಸಲ ಮಾತಾಡಿ ನನಗೆ ಅಭ್ಯಾಸವಿರಲಿಲ್ಲ. ಮನೆಯಲ್ಲಿ ಒಮ್ಮೆ ಹೇಳಿಕೊಂಡಾಗ ಅತ್ತೆ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದವರು, ಅವಳಿಗೆ ಗೊತ್ತುಂಟಾ ಎಂದು ಮಾತ್ರ ಕೇಳಿದರು. ಇಲ್ಲ ಎಂದೆ. ಅವರು ಇನ್ನೊಂದು ಬೀಜಕ್ಕೆ ಕೈ ಹಾಕಿದರು.

ಮಾರನೆಯ ವಾರ ಮಂಗಳವಾರ ಹನ್ನೊಂದು ಗಂಟೆಗೆ ಗುಲಾಬಿ ವಾರಿಜಳ ಜೊತೆ ಲ್ಯಾಬಿನ ಬಾಗಿಲಿಗೇ ಬಂದಳು. ಮದ್ದಿನ ದಿನ ಕಳೆದು ಎಂಟು ದಿನವಾಗಿತ್ತು. ಎರಡು ಬಸ್ಸು ಬದಲಿಸಿ, ಬೆನ್ನು ಸೀಟಿಗೆ ತಾಗದ ಹಾಗೆ ನಿಂತುಕೊಂಡೇ ಬಂದಿದ್ದಳು. ನೈಟಿಯ ಮೇಲೆ ಹಳೆಯ ಮೆತ್ತನೆಯ ಪಂಚೆ ಹೊದ್ದಿದ್ದಳು, ರವಿಕೆ ತೊಡಲು ಆಗುತ್ತಿರಲಿಲ್ಲ. ಕೆನ್ನೆ ಒಳಗೆ ಹೋಗಿತ್ತು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ, ಅದರಲ್ಲಿ ಕೆಂಪು ನೀರು.

ಅವಳು ಮದ್ದು ಕೇಳಲು ಬಂದವಳಲ್ಲ. ತನ್ನ ರಕ್ತ ಈಗ ಸರಿಯಾಗಿದೆಯೇ ಎಂದು ನೋಡಿಸಲು ಬಂದಿದ್ದಳು. ರಕ್ತ ಹಾಳಾಗಿತ್ತು, ಇನ್ನೊಮ್ಮೆ ಬೇಕು ಎಂದು ಕ್ಲಿನಿಕ್ಕಿನಿಂದ ಅವಳಿಗೆ ಫೋನು ಹೋಗಿತ್ತಂತೆ, ಅದನ್ನು ಅವಳು ತನ್ನ ಮೈಯೊಳಗಿನ ರಕ್ತವೇ ಹಾಳು ಎಂದು ತಿಳಿದಿದ್ದಳು. ಹಾಗಲ್ಲದೆ ಅವಳು ಬೇರೆ ಹೇಗೆ ತಿಳಿಯಬೇಕಿತ್ತು? ರಕ್ತ ಶುದ್ಧವಾಗಲೆಂದು ದಿನಕ್ಕೆ ಮೂರು ಸಲ ಪುನರ್ಪುಳಿಯ, ಅಂದರೆ ಮುರುಗಲು ಹಣ್ಣಿನ, ನೀರು ಕುಡಿಯುತ್ತಿದ್ದಳು. ನಮ್ಮ ಕಡೆ ಮೈಮೇಲೆ ತುರಿಕೆ ಎದ್ದರೆ ಎಲ್ಲರೂ ಕುಡಿಯುವುದು ಅದನ್ನೇ. ಹುಳಿಯೆಂದರೆ ಹುಳಿ. ಸಿಪ್ಪೆ ಸುಲಿದ ಬಾಯಿಗೆ ಅದು.

“ಉರಿಯುವುದಿಲ್ವಾ?” ಎಂದೆ.

“ಉರೀತದೆ ಮೇಡಂ. ಕಣ್ಣು ಮುಚ್ಚಿ ಒಂದೇ ಗುಟುಕಿಗೆ ನುಂಗುವುದು. ರಕ್ತ ಸರಿ ಆಗ್ಬೇಕಲ್ವಾ, ಇಲ್ಲದಿದ್ರೆ ಮದ್ದು ಬಂದ್ರೂ ಕೊಡ್ಲಿಕ್ಕಿಲ್ಲ ನೀವು.”

ವಾರಿಜ ಅಂದು ತಮಾಷೆ ಮಾಡಲಿಲ್ಲ. “ಸರಿ ಆಯ್ತಾ ಅಂತ ನೋಡಿ ಹೇಳಿ ಮಾರಾಯ್ರೆ,” ಎಂದಳು. “ಇನ್ನು ಕುಡಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಇವಳು ಕುಡಿಯುವಾಗ ನಾನು ಹೊರಗೆ ಹೋಗಿ ನಿಲ್ಲುವುದು.”

ನಾನು ಬಾಟಲಿ ತೆಗೆದುಕೊಂಡು ಸಿಂಕಿಗೆ ಚೆಲ್ಲಿದೆ. ಅವಳ ರಕ್ತದಲ್ಲಿ ಯಾವ ಹಾಳೂ ಇಲ್ಲ, ಹಾಳು ಮಾಡಿದ್ದು ನಾವು ಎಂದೆ. ಮದ್ದು ಬಂದಿದೆ, ಎಂಟು ದಿನದಿಂದ ಅಲ್ಲ, ಅದಕ್ಕೂ ಮೊದಲಿಂದ ಇಲ್ಲೇ ಇದೆ ಎಂದೆ. ತುಳುವಿನಲ್ಲಿ ಹೇಳಿದೆ, ಅಂದು ಒಪ್ಪಿಗೆ ಪತ್ರ ಓದಿದ ಅದೇ ದನಿಯಲ್ಲಿ ಹೇಳಲು ಆಗಲಿಲ್ಲ. ಗುಲಾಬಿ ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.

“ಹಾಗಾದ್ರೆ ಇವತ್ತು ಸಿಗ್ತದಾ?” ಎಂದು ಕೇಳಿದಳು.

ಅವರನ್ನು ಕರೆದುಕೊಂಡು ನೇರ ವಾರ್ಡಿಗೆ ಹೋದೆ. ಅಲ್ಲಿನ ಡಾಕ್ಟರ್ ಅನಿತಾ ಚಿಕ್ಕ ವಯಸ್ಸಿನವರು, ಖಡಕ್ಕು. ಮದ್ದು ಬಂದಿಲ್ಲವೆಂದು ನಂಬಿ ಅವರು ಸ್ಟೀರಾಯ್ಡ್ ಹೆಚ್ಚಿಸಿ, ಅದರಿಂದ ಏರಿದ ಸಕ್ಕರೆಗೆ ಬೇರೆ ಮಾತ್ರೆ ಬರೆದು ಹೇಗೋ ತಳ್ಳುತ್ತಿದ್ದರು. ಬೆನ್ನಿನ ಮೇಲೆ ಎಡಭಾಗದಲ್ಲಿ ಕೀವು ಆಗುವ ಲಕ್ಷಣ ಅವರೇ ತೋರಿಸಿದರು. ಸೋಂಕು ಹತ್ತಿಕೊಂಡರೆ ರಿಟುಕ್ಸಿಮ್ಯಾಬ್ ಕೊಡುವ ಹಾಗಿಲ್ಲ, ಆಮೇಲೆ ವಾರಗಟ್ಟಲೆ ಹಿಂದೆ ಬೀಳುತ್ತದೆ. ಈಗಲೇ ಕೊಟ್ಟರೆ ಆಯಿತು, ಇಲ್ಲದಿದ್ದರೆ ಇಲ್ಲ ಎಂದರು. ನಾನು ನಡೆದದ್ದು ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು, ಅನಂತರ ಅದೇ ಪೆನ್ನಿನಿಂದ ಮಾರನೆಯ ದಿನಕ್ಕೆ ಮದ್ದು ಬೇಕೆಂದು ಇಂಡೆಂಟ್ ಬರೆದು ನನ್ನ ಕೈಗೆ ಕೊಟ್ಟರು.

ಪ್ರೊಫೆಸರರ ಕೋಣೆಗೆ ಹೋಗಿ ಇಂಡೆಂಟ್ ಮೇಜಿನ ಮೇಲಿಟ್ಟೆ. ಅವರು ಕೆಟ್ಟ ಮನುಷ್ಯರೆಂದು ಹೇಳಿದರೆ ಸುಳ್ಳಾಗುತ್ತದೆ. ಗದರಲಿಲ್ಲ, ಕೂರಿಸಿ ಮಾತಾಡಿದರು. ಇನ್ನು ಆರೇ ದಿನ ಎಂದರು. ಈ ಹೆಣ್ಣುಮಗಳು ರೋಗದ ಹೆಸರು ತಿಳಿಯದೆ ಎಂಟು ತಿಂಗಳು ಅಲೆದಳಲ್ಲ, ಕಿಟ್ ಆದರೆ ನಾಳೆ ಬರುವವರು ಹಾಗೆ ಅಲೆಯಬೇಕಿಲ್ಲ ಎಂದರು.

“ಒಬ್ಬಳ ಆರು ದಿನ ವಿಜಯಾ. ಆಚೆ ಬದಿಯಲ್ಲಿ ಎಷ್ಟು ಜನ ಇದ್ದಾರೆ, ನೀವೇ ಯೋಚಿಸಿ.”

ನಾನು ಯೋಚಿಸಿಯೇ ಹೋಗಿದ್ದೆ. “ಇದನ್ನೇ ಅವಳಿಗೆ ಹೇಳಿ ಕೇಳಿದ್ದರೆ ಅವಳು ಕೊಡುತ್ತಿದ್ದಳೋ ಏನೋ ಸರ್. ಮಕ್ಕಳಿಗೆ ಅಡುಗೆ ಮಾಡುವವಳು, ಹೂಂ ಅನ್ನುತ್ತಿದ್ದಳು. ನಾವು ಕೇಳಲಿಲ್ಲ. ಮದ್ದು ಬಂದಿಲ್ಲ ಎಂದೆವು.”

ಅವರು ಇಂಡೆಂಟಿಗೆ ಸಹಿ ಹಾಕಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಫೋನು ಬಂತೆಂದು ಕುರ್ಚಿ ತಿರುಗಿಸಿದರು. ಬೀಗದ ಕೈ ನನ್ನ ಬಳಿ ಇತ್ತು. ಬುಧವಾರ ಬೆಳಿಗ್ಗೆ ಎಂಟಕ್ಕೆ ಗುಲಾಬಿಯ ಒಪ್ಪಿಗೆ ಕೇಳಿ ನಲವತ್ತು ಎಂ.ಎಲ್. ರಕ್ತ ತೆಗೆದೆ. ತೆಗೆಯಿರಿ, ಈಗ ಒಳ್ಳೆಯ ರಕ್ತ ಎಂದಳು. ಒಂಬತ್ತೂವರೆಗೆ ವಯಲ್‌ಗಳನ್ನು ನನ್ನ ಸಹಿಯಲ್ಲೇ ವಾರ್ಡಿಗೆ ಕೊಟ್ಟೆ. ಹತ್ತಕ್ಕೆ ಡ್ರಿಪ್ ಶುರುವಾಯಿತು. ನಾನು ಲ್ಯಾಬಿಗೆ ಮರಳಿ ಕೋಶಗಳನ್ನು ಬೇರ್ಪಡಿಸಿ ಫ್ರೀಜ್ ಮಾಡಿದೆ, ನನಗೆ ಗೊತ್ತಿದ್ದ ಅಷ್ಟೂ ಜಾಗ್ರತೆಯಲ್ಲಿ.

ಕಂಪನಿಯವರು ಬಂದ ದಿನ ಆ ಕೋಶಗಳನ್ನು ಕರಗಿಸಿದೆವು. ಬದುಕಿದ್ದವು ಕಡಿಮೆ. ಅವುಗಳಲ್ಲಿ ನಮಗೆ ಬೇಕಾದ ಬಿ ಕೋಶ ಎರಡೇ ಸಿಕ್ಕಿದವು, ಅವುಗಳ ಆಂಟಿಬಾಡಿ ಗಟ್ಟಿಯಾಗಿ ಅಂಟಲಿಲ್ಲ. ವಿಜ್ಞಾನದ ಮಟ್ಟಿಗೆ ಪ್ರೊಫೆಸರ್ ಹೇಳಿದ್ದೇ ಸರಿಯಾಯಿತು, ತಾಜಾ ಕೋಶವೇ ಬೇಕಿತ್ತು. ಇದನ್ನು ಮುಚ್ಚಿಟ್ಟು ನಾನು ಕಥೆ ಹೇಳುವುದಿಲ್ಲ. ಕಿಟ್ ಅಷ್ಟರ ಮಟ್ಟಿಗೆ ತಡವಾಯಿತು. ಆ ತಡ ಯಾರ ಮೇಲೆ ಬಿತ್ತು ಎಂದು ಯೋಚಿಸುತ್ತೇನೆ, ಆದರೂ ನನ್ನ ಸಿಟ್ಟು ಅದರಿಂದ ಒಂದು ಚಮಚವೂ ಕಡಿಮೆಯಾಗುವುದಿಲ್ಲ. ಮುಂದೆ ಇನ್ನೊಬ್ಬರ ರಕ್ತದಿಂದ, ಸರಿಯಾದ ಉಷ್ಣತೆಯಲ್ಲಿ ತಂದು, ಮದ್ದಿನ ದಿನ ತಪ್ಪಿಸದೆ, ಒಳ್ಳೆಯ ಆಂಟಿಬಾಡಿ ಸಿಕ್ಕಿತು. ಈಗ ಅದು ಫ್ಲಾಸ್ಕುಗಳಲ್ಲಿ ಬೆಳೆಯುತ್ತಿದೆ.

ನನಗೆ ಒಂದು ಮೆಮೋ ಬಂತು: ಅನುಮತಿಯಿಲ್ಲದೆ ಔಷಧ ವಿತರಣೆ. ಉತ್ತರ ಬರೆದು, ಲ್ಯಾಬಿನ ಪುಸ್ತಕದ ಆ ದಿನಗಳ ಪುಟಗಳನ್ನೂ ಡಾಕ್ಟರ್ ಅನಿತಾ ಅವರ ಇಂಡೆಂಟನ್ನೂ ಲಗತ್ತಿಸಿ, ಒಂದು ಪ್ರತಿಯನ್ನು ಎಥಿಕ್ಸ್ ಸಮಿತಿಗೂ ಕಳಿಸಿದೆ. ಮೆಮೋದ ಮಾತು ಮತ್ತೆ ಯಾರೂ ಎತ್ತಲಿಲ್ಲ. ಸಮಿತಿಯೂ ಬಹಳವೇನೂ ಮಾಡಲಿಲ್ಲ; ರೋಗಿಗಳ ಮದ್ದು ಇನ್ನು ಮುಂದೆ ಆಸ್ಪತ್ರೆಯ ಔಷಧಾಲಯದಲ್ಲೇ ಇರಬೇಕು ಎಂದು ಒಂದು ಸಾಲಿನ ಆದೇಶ ಬಂತು. ಅಷ್ಟಾಯಿತು. ಆದರೆ ವರ್ಷದ ಕೊನೆಗೆ ಸಭೆಯಲ್ಲಿ ಪ್ರಾಜೆಕ್ಟಿನ ವರದಿ ಪರದೆಯ ಮೇಲೆ ಮೂಡಿದಾಗ ಅದರಲ್ಲಿ ಒಂದು ಸಾಲು ಇತ್ತು: ಸಾಗಣೆಯ ದೋಷದಿಂದ ಒಂದು ಸ್ಯಾಂಪಲ್ ನಷ್ಟ. ಹಿಂದಿನ ಸಾಲಿನಲ್ಲಿ ಕೂತಿದ್ದ ಸದಾಶಿವಣ್ಣ ಆ ಇಂಗ್ಲಿಷನ್ನು ಓದಲಾರರು ಎಂಬುದೊಂದೇ ಸಮಾಧಾನ. ಸಾಗಣೆಯ ದೋಷ ಒಂದು ಗಂಟೆಯದ್ದು. ಉಳಿದ ಒಂಬತ್ತು ದಿನಗಳಿಗೆ ಆ ವರದಿಯಲ್ಲಿ ಹೆಸರೇ ಇರಲಿಲ್ಲ.

ಕೆಲಸ ಕಲಿಸಿದ್ದು ಇಷ್ಟು. ಲ್ಯಾಬಿನಲ್ಲಿ ಎಲ್ಲದಕ್ಕೂ ಅಂಕಣ ಉಂಟು: ಉಷ್ಣತೆ, ಸಮಯ, ಪ್ರಮಾಣ, ಯಾರು ಮುಟ್ಟಿದರು, ಯಾವಾಗ ಮುಟ್ಟಿದರು. ರೋಗಿ ಎಷ್ಟು ದಿನದಿಂದ ಕಾಯುತ್ತಿದ್ದಾಳೆ ಎಂಬುದಕ್ಕೆ ಮಾತ್ರ ಅಂಕಣ ಇರಲಿಲ್ಲ. ಈಗ ನಾನು ಪ್ರತಿ ಪುಟದಲ್ಲೂ ಸ್ಕೇಲು ಹಿಡಿದು ಒಂದು ಗೆರೆ ಹೆಚ್ಚು ಎಳೆಯುತ್ತೇನೆ. ಮದ್ದಿನ ದಿನಾಂಕ ಮೊದಲು ಬರೆಯಬೇಕು, ರಕ್ತದ ದಿನಾಂಕ ಅದಕ್ಕೆ ಹೊಂದಬೇಕು. ಹೊಸದಾಗಿ ಸೇರಿದವರು ಇದೆಂಥದ್ದು ಮೇಡಂ ಎಂದು ಕೇಳುತ್ತಾರೆ. ತುಂಬಿಸದೆ ಸಹಿ ಹಾಕುವುದಿಲ್ಲ ಎನ್ನುತ್ತೇನೆ.

ಗುಲಾಬಿಗೆ ಎರಡನೇ ಡೋಸ್ ಹದಿನೈದು ದಿನಕ್ಕೆ ಆಯಿತು. ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ, ಮಳೆ ಹಿಡಿದ ಒಂದು ಮಧ್ಯಾಹ್ನ, ತಪಾಸಣೆ ಮುಗಿಸಿ ಗುಲಾಬಿಯೂ ವಾರಿಜಳೂ ಲ್ಯಾಬಿನ ಹೊರಗಿನ ಬೆಂಚಿಗೆ ಬಂದು ಕೂತರು. ಗುಲಾಬಿ ರವಿಕೆ ತೊಟ್ಟಿದ್ದಳು, ಸೀರೆ ಉಟ್ಟಿದ್ದಳು. ಸ್ಟೀಲ್ ಡಬ್ಬಿಯಲ್ಲಿ ಪತ್ರೊಡೆ ತಂದಿದ್ದಳು, ಕೆಸುವಿನ ಎಲೆಗೆ, ಅದರ ತುರಿಕೆ ಅಡಗಲು ಹುಳಿ ಬೆರೆಸಿದ ಹಿಟ್ಟು ಸವರಿ ಸುತ್ತಿ ಬೇಯಿಸಿದ್ದು, ಮೂರು ಪಾಲು ಮಾಡಿ. ನಾಲ್ಕನೆಯ ಪಾಲು ಬೇರೆ ಪೊಟ್ಟಣದಲ್ಲಿತ್ತು, ಪ್ರೊಫೆಸರರಿಗೆ ಅಂತೆ. ನಾನು ಮುಖ ಗಂಟಿಕ್ಕಿದೆ.

“ಬಿಡಿ ಮೇಡಂ,” ಎಂದಳು. “ಸ್ವಲ್ಪ ಹುಳಿ ಕಮ್ಮಿ ಹಾಕಿದ್ದೇನೆ ಅವರದ್ದಕ್ಕೆ. ಗಂಟಲು ತುರಿಸ್ಲಿ ಒಂದು ದಿನ.”

ವಾರಿಜ ಬಗ್ಗಿ ಬಗ್ಗಿ ನಕ್ಕಳು. ಪೊಟ್ಟಣವನ್ನು ನಾನೇ ಒಯ್ದು ಅವರ ಮೇಜಿನ ಮೇಲಿಟ್ಟು, ಗುಲಾಬಿ ಕೊಟ್ಟದ್ದು ಎಂದು ಹೆಸರು ಹೇಳಿ ಬಂದೆ. ಯಾರೆಂದು ಅವರಿಗೆ ತಕ್ಷಣ ಹೊಳೆಯಲಿಲ್ಲ. ನಾನು ಬೆಂಚಿಗೆ ಬಂದಾಗ ಗುಲಾಬಿ ತನ್ನ ಪಾಲು ಮುಗಿಸಿ ತಂಗಿಯದ್ದಕ್ಕೆ ಕೈ ಹಾಕಿದ್ದಳು. ನಾವು ಮೂವರು ಪತ್ರೊಡೆ ತಿಂದೆವು, ನನ್ನ ಬುತ್ತಿಯ ಅನ್ನ, ಹೀರೆಕಾಯಿ ಸಾರು ಹಂಚಿಕೊಂಡೆವು, ಫ್ಲಾಸ್ಕಿನ ಬಿಸಿ ಚಹ ಕುಡಿದೆವು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಗುಲಾಬಿ ಬೆನ್ನನ್ನು ಗೋಡೆಗೆ ಪೂರ್ತಿ ಆನಿಸಿ ಕಾಲು ಚಾಚಿದಳು, ಎಲ್ಲರಿಗಿಂತ ಮೊದಲು ಅವಳಿಗೇ ನಿದ್ದೆ ಬಂತು.